ಉಚ್ಚೆಂಗಮ್ಮ ಕೇಳಿದ ಪ್ರಶ್ನೆ

ಸತ್ತ ಮೇಲೆ ಡಾಕ್ಟರ್ ಉಚ್ಚೆಂಗಮ್ಮ ಒಮ್ಮೆಲೇ ಮಹಾತಾಯಿ ಆಗಿಬಿಟ್ಟರು. ಹೊರದೇಶದಲ್ಲಿ ಅವರ ಸಂಶೋಧನೆಯನ್ನು ಪಾಠಕ್ಕಿಟ್ಟಿದ್ದಾರೆಂದು ಗೊತ್ತಾದದ್ದೇ ತಡ, ಹೊಸಪೇಟೆಯ ಕಲ್ಯಾಣಮಂಟಪದಲ್ಲಿ ಅವರ ಫೋಟೋ ಅನಾವರಣ. ಸಮಿತಿಯ ಅಧ್ಯಕ್ಷರು ನನ್ನ ಗಂಡ, ರೈಸ್ ಮಿಲ್ ಹಾಲಸ್ವಾಮಿ. ಹದಿನೇಳು ವರ್ಷದ ಹಿಂದೆ ಇದೇ ಊರಿನಲ್ಲಿದ್ದ ಅದೇ ಉಚ್ಚೆಂಗಮ್ಮನ ದವಾಖಾನೆಗೆ ಬೀಗ ಜಡಿಸಿದವರೂ ಇವರೇ. ನಾಚಿಕೆ ಅನ್ನುವುದು ಇವರ ಹತ್ತಿರ ಸುಳಿದದ್ದೇ ಇಲ್ಲ.

ಆಕೆ ಪಾಪಿನಾಯಕನಹಳ್ಳಿಯವರು. ಗಂಡ ಹೆಂಡಿರ ಹಾಸಿಗೆಯ ವಿಷಯವನ್ನು ಹೆಂಗಸರ ಬಾಯಿಂದಲೇ ಕೇಳಿ ಅಭ್ಯಾಸ ಮಾಡಲು ಹೊರಟವರಲ್ಲಿ ಈ ಕಡೆಗೆ ಅವರೇ ಮೊದಲು. ದವಾಖಾನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಅತ್ತೆ ಕೂತಿರುತ್ತಿದ್ದಳು. ಆಗ ಸೀರೆ ಎತ್ತಿ ಕಟ್ಟಿ ಕಂಪ್ಲಿಯ ಗದ್ದೆಗೇ ಇಳಿದರು. ಭತ್ತದ ಸಸಿ ಹಚ್ಚುವಾಗ ಎಲ್ಲರೂ ಬಗ್ಗಿಕೊಂಡೇ ಹಿಂದಕ್ಕೆ ಹೆಜ್ಜೆ ಇಡಬೇಕು, ಒಬ್ಬರ ಮುಖ ಒಬ್ಬರಿಗೆ ಕಾಣದು. ಮುಖ ಕಾಣದಿದ್ದರೆ ಮಾತಿಗೆ ಸಂಕೋಚವೂ ಇಲ್ಲ. ಡಾಕ್ಟರೂ ಜೊತೆಗೆ ಸಸಿ ಹಚ್ಚುತ್ತಲೇ, ಗಂಡ ನಿನ್ನ ಮನಸ್ಸು ಕೇಳುತ್ತಾನೇನು ಎಂದು ಕೇಳುತ್ತಿದ್ದರು. ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ ದುರ್ಗಕ್ಕ ನಗುನಗುತ್ತಾ ನನಗೆ ಹೇಳಿದ್ದಳು: ಡಾಕ್ಟ್ರಮ್ಮ ಹಚ್ಚಿದ ಸಾಲೆಲ್ಲ ಸೊಟ್ಟ, ಆದರೆ ಕೇಳುವುದು ಮಾತ್ರ ನೆಟ್ಟಗೆ.

ಎಪ್ಪತ್ತನಾಲ್ಕರಲ್ಲಿ ಆ ಸಂಶೋಧನೆ ಅಚ್ಚಾಯಿತು. ಯಾರ ಹೆಸರೂ ಅದರಲ್ಲಿರಲಿಲ್ಲ. ಒಂದು ಪತ್ರಿಕೆ ಮಾತ್ರ ಅದರೊಳಗಿನ ಒಬ್ಬ ಹೆಂಗಸಿನ ಮಾತನ್ನು ಎತ್ತಿ ಹಾಕಿತು: "ನಿನಗೂ ಮನಸೈತೇನು ಅಂತ ನನ್ನ ಗಂಡ ಒಮ್ಮಿನೂ ಕೇಳಿಲ್ರಿ."

ಅಷ್ಟೇ ಸಾಕಾಯಿತು. ಮರುದಿನ ದವಾಖಾನೆಯ ಮುಂದೆ ಊರಿನ ದೊಡ್ಡ ಮನುಷ್ಯರೆಲ್ಲ ಹಾಜರು. ವಕೀಲರು, ಬೆಲ್ಲದ ವ್ಯಾಪಾರಿಗಳು, ಅದಿರು ಲಾರಿಯ ಮಾಲೀಕರು. ಒಬ್ಬೊಬ್ಬರದೂ ಒಂದೇ ಜಗಳ: ನನ್ನ ಹೆಂಡತಿಯ ಮಾತನ್ನು ನೀವು ಹೇಗೆ ಅಚ್ಚು ಹಾಕಿಸಿದಿರಿ? ಅವರ ಹೆಂಡಂದಿರು ಗದ್ದೆಯ ಕೆಸರನ್ನೇ ತುಳಿದವರಲ್ಲ! ಆದರೂ ಪ್ರತಿಯೊಬ್ಬನಿಗೂ ಅದು ತನ್ನ ಮನೆಯ ಮಾತು ಅನ್ನಿಸಿತ್ತು. ಅನ್ನಿಸಿದ ಮೇಲಾದರೂ ಬುದ್ಧಿ ಬರಬೇಡವೇ? ಬುದ್ಧಿಯ ಬದಲು ಇವರಿಗೆಲ್ಲ ಸಿಟ್ಟು ಬಂತು. ದವಾಖಾನೆಗೆ ಬೀಗ ಬಿತ್ತು, ಒಂದು ವಾರದಲ್ಲಿ ಆಕೆಯನ್ನು ಊರು ಬಿಡಿಸಿದರು. ಸಂಡೂರಿನಲ್ಲಿ ಒಂದು ಖೋಲಿ ಹಿಡಿದು, ಗಣಿ ಕೂಲಿಗಳಿಗೆ ಔಷಧಿ ಕೊಡುತ್ತಾ ಆಕೆ ಉಳಿದ ಆಯುಷ್ಯ ಕಳೆದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ದವಾಖಾನೆಯ ಮುಂದೆ ಜಗಳವಾದ ದಿನ ನನ್ನ ಗಂಡ ಮನೆಗೆ ಬಂದವರೇ, ಅದನ್ನು ಹೇಳಿದವಳು ನೀನೇ ಏನು ಎಂದು ಕೇಳಿದರು. ಅಲ್ಲ ಎಂದೆ. ನಿಜವೇ, ನಾನು ಡಾಕ್ಟರನ್ನು ಕಂಡಿದ್ದೇ ಇಲ್ಲ. ಹೌದಾ ಎಂದು ಸಮಾಧಾನದಿಂದ ಊಟಕ್ಕೆ ಕೂತರು, ಎರಡು ಸಲ ಸಾರು ಹಾಕಿಸಿಕೊಂಡರು.

ಈಗ ಫೋಟೋಕ್ಕೆ ಹಾರ ಹಾಕಿ ಎರಡು ಮಾತಾಡುವ ಕೆಲಸ ಅಧ್ಯಕ್ಷರ ಹೆಂಡತಿಯಾದ ನನ್ನ ಪಾಲಿಗೆ ಬಂತು. ಏನು ಹೇಳಬೇಕೆಂದು ಇವರು ಕಾರಿನಲ್ಲೇ ನನಗೆ ಪಾಠ ಮಾಡಿದರು.

"ಬಡವರ ಡಾಕ್ಟ್ರು, ದೇವರಂಥಾಕಿ ಅನ್ನು ಸಾಕು. ಆ ಹೊಲಸು ವಿಷಯ ಬ್ಯಾಡ."

ಹೊಲಸು! ಆಕೆಯ ಜೀವಮಾನದ ಕೆಲಸವನ್ನು ಒರೆಸಿಹಾಕಿ, ಬರೀ ಫೋಟೋ ಉಳಿಸುವ ಉಪಾಯ. ನಾನೂ ಒಪ್ಪಿದರೆ ಆಕೆ ಎರಡನೆಯ ಸಲ ಊರು ಬಿಟ್ಟಂತೆ.

ಹಾರ ಹಾಕಿದೆ. ಮುಂದಿನ ಸಾಲಿನಲ್ಲಿ ಅವತ್ತಿನ ಅದೇ ಗಂಡಸರು, ಈಗ ತಲೆ ನರೆತವರು, ಪಕ್ಕದಲ್ಲಿ ರೇಷ್ಮೆ ಸೀರೆಯ ಹೆಂಡಂದಿರು. ನಾನು ಮೈಕು ಹಿಡಿದೆ.

"ಪತ್ರಿಕಿಯಾಗ ಬಂದಿದ್ದ ಆ ಮಾತು ನೀನ ಹೇಳಿದಿ ಏನು ಅಂತ ನಮ್ಮನಿಯವರು ಅವತ್ತು ನನ್ನ ಕೇಳಿದ್ರು. ಮದಿವಿ ಆದಾಗಿಂದ ಆ ವಿಷಯದಾಗ ಅವರು ನನ್ನ ಕೇಳಿದ್ದು ಅದೊಂದ. ಅವತ್ತು ನಾನು ಹೇಳಿರಲಿಲ್ಲ. ಇವತ್ತು ಹೇಳಾಕತ್ತೀನಿ. ಆ ಮಾತು ನಂದೂ ಐತಿ."

ನನ್ನವರು ಮೈಕಿಗೆ ಕೈ ಚಾಚಿದರು. ನಾನು ಬಿಡಲಿಲ್ಲ. ಮುಂದಿನ ಸಾಲಿನ ಗಂಡಸರು ತಮ್ಮ ತಮ್ಮ ಹೆಂಡಂದಿರ ಕಡೆ ತಿರುಗಿ ನೋಡಿದರು. ಬರೀ ನೋಡಿದರು, ನಿನ್ನ ಮಾತೂ ಅದೇ ಏನು ಎಂದು ಒಬ್ಬರೂ ಕೇಳಲಿಲ್ಲ.