ನಾಯಿಯ ಪಾಲು

"ಬಿದ್ಕಂಡು ಎಂಥ ನೋಡ್ತೀಯೋ ಬೋಳಿಮಗನೆ, ಅಡ್ಡ ನಿಲ್ಲು. ಹಂದಿ ತಪ್ಪಿಸ್ಕಂಡ್ರೆ ನಿನ್ನ ಚರ್ಮ ಸುಲೀತೀನಿ," ಎಂದು ಹೂವಯ್ಯಗೌಡರು ಮರೆಯಿಂದ ಕೂಗಿದರು. ನೆಲಕ್ಕೆ ಬಿದ್ದಿದ್ದ ನಮ್ಮ ಜಟ್ಟಪ್ಪನ ತೊಡೆಯನ್ನು ಹಂದಿ ಆಗಲೇ ಸೀಳಿತ್ತು.

ಹುಲಿಕಲ್ ಕಾಡಿನಲ್ಲಿ ಶಿಕಾರಿಯೆಂದರೆ ಗೌಡರು ಕೋವಿ ಹಿಡಿದು ಒಂದು ಕಡೆ ಕೂರುತ್ತಾರೆ. ಅವರ ಗೇಣಿ ಒಕ್ಕಲಾದ ನಾವು ಕೂಗುತ್ತ, ಪೊದೆ ನುಗ್ಗುತ್ತ ಹಂದಿಯನ್ನು ಅವರ ಮುಂದಕ್ಕೆ ಓಡಿಸುತ್ತೇವೆ. ಗುಂಡು ತಗುಲಿ ಹಂದಿ ಬಿತ್ತು. ಮೊದಲು ಹಂದಿಯನ್ನು ಕಂಡೊಡನೆ ಓಡಿಹೋಗಿದ್ದ ಗೌಡರ ನಾಯಿ ಆಗ ಬಂದು, ಸತ್ತ ಹಂದಿಯ ಮೇಲೆ ಚೆನ್ನಾಗಿ ಬೊಗಳಿತು.

ಹಳ್ಳದ ದಡದಲ್ಲಿ ಎಲೆ ಹಾಸಿ ಪಾಲು ಹಾಕಿದೆವು. ತಲೆ ಮತ್ತು ಹಿಂದಿನ ತೊಡೆ ಕೋವಿಗೆ. ಉಳಿದದ್ದರಲ್ಲಿ ಆಳಿಗೊಂದು, ನಾಯಿಗೊಂದು. ನಾಯಿಯ ಪಾಲೂ ಗೌಡರ ಮನೆಗೇ ಹೋಗುತ್ತದೆ.

"ಜಟ್ಟಂದು ತೆಗೀರಿ," ಎಂದರು ಗೌಡರು. "ಹಂದಿ ಬೀಳೋವಾಗ ನಿಂತಿದ್ದವ್ರಿಗೆ ಪಾಲು. ಇವ ಮೊದ್ಲೇ ಬಿದ್ದಿದ್ದ. ಅಜ್ಜನ ಕಾಲದ ಕಟ್ಳೆ."

ಸೊಪ್ಪು ತರಲು ಕಾಡಿಗೆ ಬಂದಿದ್ದ ಜಟ್ಟಪ್ಪನ ಹೆಂಡತಿ ಗುತ್ಯಮ್ಮ ಕೂಗು ಕೇಳಿ ಓಡಿಬಂದು, ಸೆರಗು ಹರಿದು ಗಾಯಕ್ಕೆ ಕಟ್ಟುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ನಾಯಿ ನಿಂತಿತ್ತಾ, ಒಡೆಯಾ?"

"ಅದು ಮೂಕಪ್ರಾಣಿ. ನಿಂಗೆ ಬಾಯಿ ಜಾಸ್ತಿ ಆತು, ರಂಡೆ."

ಗೌಡರು ನಮ್ಮ ಕಡೆ ತಿರುಗಿದರು. "ಮೊದ್ಲು ಮಾಂಸ ಮನೆ ಮುಟ್ಲಿ. ಬಿಸ್ಲಿಗೆ ಕೆಡ್ತದೆ. ಇವನ್ನ ಆಮೇಲೆ ಬಂದು ಹೊತ್ಕಂಡು ಹೋಗಿ."

"ಇವ್ನೂ ಕೆಡ್ತಾನೆ, ಗೌಡ್ರೆ," ಎಂದ ನಮ್ಮಲ್ಲಿ ಹಿರಿಯನಾದ ಭೂತಪ್ಪ.

ಮಾಂಸ ಹೊರಲು ಕಡಿದಿದ್ದ ಬಿದಿರ ಗಳ ಒಂದೇ ಇತ್ತು. ಭೂತಪ್ಪ ಅದಕ್ಕೆ ತನ್ನ ಕಂಬಳಿ ಬಿಗಿದ. ಜಟ್ಟಪ್ಪನನ್ನು ಅದರಲ್ಲಿ ಮಲಗಿಸಿದೆವು.

"ನನ್ನಿಂದ ನಿಮ್ಮ ಪಾಲೂ ಹಾಳಾತು," ಎಂದ ಜಟ್ಟಪ್ಪ.

"ಸುಮ್ಕಿರೋ. ಹಂದಿಗಿಂತ ಹಗೂರ ಇದೀಯ," ಎಂದ ಭೂತಪ್ಪ.

"ನಾಳೆ ನನ್ನ ಗದ್ದೆಗೆ ಕಾಲಿಡ್ರಿ, ನೋಡ್ಕಂತೀನಿ," ಎಂದರು ಗೌಡರು. ನಾವು ಗಳಕ್ಕೆ ಹೆಗಲು ಕೊಟ್ಟೆವು. ಅವರ ದನಿ ಸ್ವಲ್ಪ ಇಳಿಯಿತು. "ಇದನ್ನೆಲ್ಲ ಯಾರೋ ಹೊರೋದು?"

"ಪಾಲು ಇದ್ದೋರು ಹೊರ್ಲಿ," ಎಂದಳು ಗುತ್ಯಮ್ಮ.

ರಸ್ತೆಗೆ ಇಳಿದರೆ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದ ಲಾರಿ ಸಿಗಬಹುದು. ಸಿಕ್ಕರೆ ಹೊಸನಗರದ ಆಸ್ಪತ್ರೆ ಮುಟ್ಟಬಹುದು. ಕಂಬಳಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ. ಗೌಡರು ಹೆಗಲಿಗೆ ಕೋವಿ ಹಾಕಿಕೊಂಡು, ಹಂದಿಯ ತಲೆಯನ್ನು ಕಿವಿ ಹಿಡಿದು ಎಳೆಯುತ್ತಿದ್ದರು. ನಾಯಿ ನಮ್ಮ ಪಾಲುಗಳನ್ನು ಒಂದೊಂದಾಗಿ ತಿನ್ನುತ್ತಿತ್ತು.