ಸಾಕಮ್ಮನ ಮೆಸ್ಸಿನ ಶಟರ್

ನಾನು ಒಂದು ರೋಲಿಂಗ್ ಶಟರ್. ಮೈಯೆಲ್ಲ ತಗಡಿನ ಪಟ್ಟಿ, ಅಲುಗಾಡಿದರೆ ಗರಗರ ಸದ್ದು. ಬಾಗಿಲುಗಳ ಜಾತಿಯಲ್ಲಿ ನಮಗೆ ಅಂಥ ಮರ್ಯಾದೆಯೇನೂ ಇಲ್ಲ. ಮರದ ಬಾಗಿಲಾದರೆ ಅರಿಸಿನ ಹಚ್ಚುತ್ತಾರೆ, ತೋರಣ ಕಟ್ಟುತ್ತಾರೆ. ನನ್ನ ಮೈಮೇಲೆ ಅಂಟಿಸುವುದು ಬೋರ್‌ವೆಲ್ ಕೊರೆಯುವವರ ಫೋನ್ ನಂಬರು. ಇರಲಿ ಬಿಡಿ, ಅದಕ್ಕೆಲ್ಲ ನಾನು ಕೊರಗುವವನಲ್ಲ. ನಾನು ತಲೆ ತಗ್ಗಿಸುವುದು ಬೇರೆಯದೇ ಕಾರಣಕ್ಕೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ತಗಡನ್ನು ಉದ್ದುದ್ದ ಸೀಳಿ, ಅಂಚು ಮಡಿಸಿ, ಒಂದಕ್ಕೊಂದು ಸಿಕ್ಕಿಸಿ ನನ್ನನ್ನು ಹೆಣೆದರು. ಸ್ಪ್ರಿಂಗ್ ಬಿಗಿದು ನೀಲಿ ಬಣ್ಣ ಬಳಿದರು. ಲಗೇಜ್ ಆಟೊದಲ್ಲಿ ಮಲಗಿಸಿ ಊರಾಚೆಯ ತಟ್ಟೆಕೆರೆ ಬಡಾವಣೆಗೆ ತಂದರು. ಮೊದಲ ಯಜಮಾನ ಸೈಕಲ್ ಅಂಗಡಿಯವನು. ವ್ಯಾಪಾರ ಕೈಕೊಟ್ಟಿತು, ಅವನು ಮಳಿಗೆ ಖಾಲಿ ಮಾಡಿದ. ಆಮೇಲೆ ಬಂದವಳೇ ಸಾಕಮ್ಮ.

ಸಾಕಮ್ಮ ಕನಕಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಇಲ್ಲಿ ಒಂದು ಮೆಸ್ಸು ತೆರೆದಳು. ಮುದ್ದೆ, ಸೊಪ್ಪಿನ ಸಾರು, ಭಾನುವಾರ ಕೋಳಿ. ಬಾಯಿ ಜೋರು, ಕೈ ಧಾರಾಳ. ಬೆಳಗ್ಗೆ ನನ್ನ ಕೆಳಗಂಚಿಗೆ ಕೈ ಕೊಟ್ಟು, "ಏಳಪ್ಪಾ, ಹೊತ್ತಾಯ್ತು" ಎಂದು ಎತ್ತುತ್ತಿದ್ದಳು. ಸದ್ದು ಮಾಡಿದರೆ, "ಏನ್ ನಿನ್ ಗೋಳು?" ಎಂದು ಬೈದು ಎಣ್ಣೆ ಬಿಡುತ್ತಿದ್ದಳು. ನನ್ನನ್ನು ಮಾತಾಡಿಸಿದ ಮೊದಲ ಜೀವ ಅವಳು. ಮಾರುಹೋಗದೆ ಇರುತ್ತೇನೆಯೇ?

ಆಗ ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಕಟ್ಟಲು ಬಂದವರು ಒಡಿಶಾದ ಜನ. ಮೆಸ್ಸಿನ ಹಿಂದಿನ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದರು. ಅವರಲ್ಲಿ ದಿಬಾಕರ ಎಂಬವನು ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಅವನ ಹೆಂಡತಿ ಮಿನತಿ ಒಂದು ದಿನ ನನ್ನ ಕೆಳಗೆ ನಿಂತು, ಕೈಸನ್ನೆಯಲ್ಲೇ ಕೆಲಸ ಕೇಳಿದಳು. ಮೊದಲ ದಿನ ಅವಳು ಕಟ್ಟಿದ ಮುದ್ದೆ ನೋಡಿ ಸಾಕಮ್ಮ ಸೊಂಟದ ಮೇಲೆ ಕೈ ಇಟ್ಟಳು.

"ಇದು ಮುದ್ದೆನೇನೇ? ಗೋಡೆಗೆ ಹೊಡುದ್ರೆ ಗೋಡೆನೇ ಬೀಳ್ತದೆ!"

ಮಿನತಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಬಿದ್ದು ಬಿದ್ದು ನಕ್ಕಳು. ವರ್ಷ ತುಂಬುವ ಹೊತ್ತಿಗೆ ಅವಳ ಮುದ್ದೆಯೂ ಪಳಗಿತು, ಕನ್ನಡವೂ ಪಳಗಿತು. ಆಟೊದವರು ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತ, "ಯಾರಮ್ಮಾ ಕಟ್ಟಿದ್ದು?" ಎಂದರೆ ಸಾಕಮ್ಮ, "ನನ್ ತಂಗಿ ಕಣಪ್ಪಾ" ಎನ್ನುತ್ತಿದ್ದಳು. ಮಿನತಿ ಒಳಗಿನಿಂದ ಕೇಳಿಸಿಕೊಂಡು ಹಿಗ್ಗುತ್ತಿದ್ದಳು.

ಗಲಾಟೆ ಶುರುವಾದದ್ದು ನೀರಿನಿಂದ. ಬೇಸಿಗೆಯಲ್ಲಿ ಬೀದಿ ನಲ್ಲಿಯ ಹತ್ತಿರ ಶೆಡ್ಡಿನವರಿಗೂ ಬಡಾವಣೆಯವರಿಗೂ ಜಗಳ ಹತ್ತಿತು. ತಳ್ಳಾಟದಲ್ಲಿ ಸ್ಥಳೀಯ ಯುವಕನೊಬ್ಬನ ಹಣೆಗೆ ಕೊಡ ತಗುಲಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಸಂಜೆಯಾಗುವಷ್ಟರಲ್ಲಿ ಬೀದಿಯ ಬಾಯಲ್ಲಿ ಅವನು ಸತ್ತೇಹೋಗಿದ್ದ. ಜನ ದೊಣ್ಣೆ, ರಾಡು ಹಿಡಿದು ಬಂದರು. ಮಧ್ಯಾಹ್ನ ನಮ್ಮಲ್ಲಿ ಉಂಡು ಕೈ ತೊಳೆದವರೂ ಅವರೊಳಗಿದ್ದರು. ಪೊಲೀಸ್ ಜೀಪು ಮೈಕಿನಲ್ಲಿ, "ಅಂಗಡಿ ಮುಚ್ಚಿ, ಯಾರೂ ಹೊರಗೆ ಬರಬೇಡಿ" ಎಂದು ಕೂಗುತ್ತ ಬಂದು, ಹಾಗೆಯೇ ಮುಖ್ಯರಸ್ತೆಗೆ ಹೋಗಿ ನಿಂತುಕೊಂಡಿತು.

ಸಾಕಮ್ಮ ಒಬ್ಬಳೇ ಇದ್ದಳು. ನನ್ನನ್ನು ಒಳಗಿನಿಂದ ಎಳೆದು ಚಿಲಕ ಹಾಕಿ ಒಲೆ ಆರಿಸಿದಳು. ಅಷ್ಟರಲ್ಲಿ ನನ್ನ ಮೈಮೇಲೆ ಕೈಗಳು ಬಿದ್ದವು.

"ಅಕ್ಕಾ! ಬಾಗ್ಲು ತೆಗೀರಿ ಅಕ್ಕಾ! ನಾನು ಮಿನತಿ!"

ಪಕ್ಕದಲ್ಲಿ ದಿಬಾಕರನಿದ್ದ. ಕೆಲಸದಿಂದ ಹಾಗೆಯೇ ಓಡಿಬಂದಿದ್ದ. ಮುಷ್ಟಿಯ ಸದ್ದು ಸಾಲದೆಂದು ಕೈಯಲ್ಲಿದ್ದ ಕಬ್ಬಿಣದ ಸುತ್ತಿಗೆಯಿಂದ ನನ್ನನ್ನು ಬಡಿದ. ನನ್ನ ಮೈಯಲ್ಲಿ ತಗ್ಗು ಬಿತ್ತು. ಸಾಕಮ್ಮ ಓಡಿಬಂದಳು. ಅವಳ ಕೈ ಚಿಲಕದ ಮೇಲಿತ್ತು. ತೆಗಿ ತಾಯೀ, ತೆಗಿ, ನಾನು ಹಗುರವಾಗಿ ಏಳುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡೆ. ಆ ಕಡೆಯಿಂದ ಗುಂಪಿನ ಕೂಗು ಹತ್ತಿರವಾಯಿತು. ಸಾಕಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದಳು. ನನ್ನ ಈ ಕಡೆ ಅವಳು, ಆ ಕಡೆ ಅವರು ತಿನ್ನುತ್ತಿದ್ದ ಏಟು. ನಡುವೆ ಬೆರಳು ದಪ್ಪವೂ ಇಲ್ಲದ ನಾನು.

ಪೊಲೀಸರು ತಡವಾಗಿ ಬಂದರು. ಓಣಿಗಳ ಗುರುತಿದ್ದವರೆಲ್ಲ ಓಡಿಹೋಗಿದ್ದರು, ಇಲ್ಲದವರು ಸಿಕ್ಕಿಬಿದ್ದರು. ತಲೆ ಒಡೆದು ನನ್ನ ಬುಡದಲ್ಲಿ ಬಿದ್ದಿದ್ದ ದಿಬಾಕರ, ಕೈಯಲ್ಲಿ ಸುತ್ತಿಗೆ, ನನ್ನ ಮೈಮೇಲೆ ತಗ್ಗು. ಇನ್ನೇನು ಬೇಕು? ಶಟರ್ ಒಡೆದು ಲೂಟಿಗೆ ಯತ್ನ ಎಂದು ಕೇಸು ಹಾಕಿ ಜೈಲಿಗೆ ಕಳಿಸಿದರು. ನನ್ನ ಮೈಯೇ ಅವನ ಮೇಲಿನ ಸಾಕ್ಷಿಯಾಯಿತು. ನನಗೆ ಬಾಯಿಲ್ಲ. ಬಾಯಿದ್ದವಳು ಹಿಂಬಾಗಿಲಿಂದ ಮನೆ ಸೇರಿದ್ದಳು. ಮರುದಿನ ಸಬ್ ಇನ್‌ಸ್ಪೆಕ್ಟರು ಕೇಳಿದಾಗ, "ನಾನಿರ್ಲಿಲ್ಲ ಸಾರ್, ಊರಿಗೋಗಿದ್ದೆ" ಎಂದುಬಿಟ್ಟಳು.

ಕೆಲವು ದಿನಗಳ ಮೇಲೆ ಮಿನತಿ ಬಂದಳು. ಕೈಗೆ ಕಟ್ಟು ಹಾಕಿದ್ದರು. ಜಗಳವಾಡುತ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ ಹೇಳಿದಳು: "ಹೊರಗಡೆ ಬೀಗ ಇರ್ಲಿಲ್ಲ ಅಕ್ಕಾ. ನೀವು ಒಳಗೇ ಇದ್ರಿ. ಆ ಗಲಾಟೆಲಿ ನಮ್ ದನಿ ಗುರ್ತು ಸಿಕ್ಕಿರಲ್ಲ. ಯಾರೋ ಹೊಡೆಯೋಕೆ ಬಂದವ್ರೆ ಅಂದ್ಕೊಂಡ್ರಿ. ನಮ್ಮನೆಯವ್ರಿಗೂ ಜೈಲಲ್ಲಿ ಹಂಗೇ ಹೇಳ್ದೆ. ನಮ್ಮಕ್ಕ ಗುರ್ತು ಸಿಕ್ಕಿದ್ರೆ ತೆಗೀದೆ ಇರ್ತಿರ್ಲಿಲ್ಲ ಅಂತ."

ಸಾಕಮ್ಮ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಲೇ ಇದ್ದಳು. ತಲೆ ಎತ್ತಲಿಲ್ಲ. ಮಿನತಿ ಮತ್ತೆ ಕೆಲಸಕ್ಕೆ ಕೂತು ಒಂದೇ ಕೈಯಲ್ಲಿ ಸೊಪ್ಪು ಬಿಡಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ದಿನಗಳಲ್ಲಿ ಸಾಕಮ್ಮ ನನ್ನನ್ನು ಏಳಪ್ಪಾ ಎಂದು ಎಬ್ಬಿಸುವುದನ್ನೂ ಬಿಟ್ಟಳು.

ಒಂದು ಬೆಳಗ್ಗೆ ದಿಬಾಕರನನ್ನು ಮಹಜರಿಗೆ ಕರೆತಂದರು. ಅಂದರೆ, ಏನು ನಡೆಯಿತೆಂದು ಸ್ಥಳದಲ್ಲೇ ತೋರಿಸಿ ಬರೆದುಕೊಳ್ಳುವುದು. ಬೀದಿಯೆಲ್ಲ ನೆರೆದಿತ್ತು. ಸಬ್ ಇನ್‌ಸ್ಪೆಕ್ಟರು ನನ್ನ ತಗ್ಗಿನ ಮೇಲೆ ಲಾಠಿ ಇಟ್ಟು, "ಇಲ್ಲೇ ತಾನೇ ಒಡೆಯೋಕೆ ಹೋಗಿದ್ದು?" ಎಂದರು. ಸೊರಗಿಹೋಗಿದ್ದ ದಿಬಾಕರ ಸಾಕಮ್ಮನನ್ನು ನೋಡಿ, ಎಂದಿನಂತೆ ಕೈಮುಗಿದ. ಅದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅವ್ನು ಒಡೀಲಿಲ್ಲ ಸಾರ್. ಬಾಗ್ಲು ತೆಗೀರಿ, ಕಾಪಾಡಿ ಅಂತ ಬಡುದ್ರು. ನಾನು ಒಳಗೇ ಇದ್ದೆ."

"ಯಾರು ಬಡಿದದ್ದು ಅಂತ ಹೆಂಗಮ್ಮಾ ಗೊತ್ತು?"

ಸಾಕಮ್ಮ ಮಿನತಿಯ ಕಡೆ ಒಮ್ಮೆ ನೋಡಿದಳು. "ಗುರ್ತು ಸಿಕ್ತು ಸಾರ್. ಹೆಸರೇಳಿ ಕೂಗಿದ್ಲು. ಗುರ್ತು ಸಿಕ್ಕಿದ್ರೂ ತೆಗೀಲಿಲ್ಲ."

"ಯಾಕೆ?"

ಮಿನತಿ ಸಾಕಮ್ಮನನ್ನೇ ನೋಡುತ್ತಿದ್ದಳು. "ಗುರ್ತು ಸಿಕ್ಕಿತ್ತಾ ಅಕ್ಕಾ?" ಎಂದಳು. ಅಷ್ಟೇ ಕೇಳಿದ್ದು.

ದಿಬಾಕರ ಬಿಡುಗಡೆಯಾಗಿ ಬಂದ. ಮಿನತಿ ಮತ್ತೆ ಮೆಸ್ಸಿಗೆ ಬರಲಿಲ್ಲ. ಅವಳು ಕೋಪ ಮಾಡಿಕೊಂಡವಳಲ್ಲ. ಎದುರು ಸಿಕ್ಕರೆ ನಮಸ್ಕಾರ ಎನ್ನುತ್ತಿದ್ದಳು. ಅಕ್ಕ ಎನ್ನುತ್ತಿರಲಿಲ್ಲ.

ಈಗ ನಾನು ಗುಜರಿಯಲ್ಲಿ ಬಿದ್ದಿದ್ದೇನೆ. ರಸ್ತೆ ಅಗಲ ಮಾಡುವಾಗ ಮಳಿಗೆ ಹೋಯಿತು, ಸಾಕಮ್ಮ ಎಲ್ಲಿಗೋ ಹೋದಳು. ತುಕ್ಕು ಹಿಡಿದ ಮೈಗೆ ಯೋಚನೆ ಬಿಟ್ಟರೆ ಕೆಲಸವಿಲ್ಲ. ಮುಚ್ಚಿಕೊಂಡ ಆ ಸಂಜೆಗಿಂತ ನನ್ನನ್ನು ಹೆಚ್ಚು ನಾಚಿಸುವ ದಿನ ಇನ್ನೊಂದಿದೆ. ಮಳಿಗೆ ಒಡೆಯುವ ಹಿಂದಿನ ವರ್ಷ ಬೀದಿಯಲ್ಲಿ ಮತ್ತೆ ಗಲಾಟೆಯಾಗಿ ಶೆಡ್ಡಿನವರ ಮೇಲೆ ಕಲ್ಲು ತೂರಿದರು. ಎಲ್ಲ ಅಂಗಡಿಗಳೂ ದಡದಡ ಮುಚ್ಚಿಕೊಂಡವು. ಸಾಕಮ್ಮ ಮಾತ್ರ ನನ್ನನ್ನು ಪೂರಾ ಮೇಲಕ್ಕೆತ್ತಿ ರಸ್ತೆಗೇ ಬಂದು ನಿಂತಳು. ಶೆಡ್ಡಿನವರು ಮಕ್ಕಳನ್ನು ಎತ್ತಿಕೊಂಡು ಓಡಿಬರುತ್ತಿದ್ದರು, ಆಮೇಲೆ ಹುಟ್ಟಿದ ಕೂಸಿನೊಂದಿಗೆ ಮಿನತಿಯೂ ಇದ್ದಳು. "ಬನ್ರೋ, ಒಳಿಕ್ಕೆ ಬನ್ನಿ! ಮಿನತೀ, ಬಾರೇ! ತೆಗ್ದಿದೀನಿ ಕಣೇ!" ಎಂದು ಸಾಕಮ್ಮ ಎರಡೂ ಕೈ ಚಾಚಿ ಕೂಗಿದಳು. ಮಿನತಿ ಒಂದು ಗಳಿಗೆ ನಿಂತು ಅವಳನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಮಗುವನ್ನು ಎದೆಗೆ ಒತ್ತಿಕೊಂಡು ಎಲ್ಲರ ಹಿಂದೆ ದೂರದ ಶಾಲೆಯ ಕಡೆಗೆ ಓಡಿದಳು. ಒಬ್ಬರೂ ನಮ್ಮೊಳಗೆ ಬರಲಿಲ್ಲ.