ಕ್ರೇನಿನಿಂದ ಇಳಿದವನು

ಬಂದರಿನ ದೊಡ್ಡ ಕ್ರೇನ್ ನಡೆಸುವವನು ಬೆಳಿಗ್ಗೆ ಗಾಜಿನ ಕ್ಯಾಬಿನ್ ಹತ್ತಿದರೆ ಊಟದ ಹೊತ್ತಿಗೇ ಇಳಿಯುವುದು. ಆದರೆ ಆ ವರ್ಷ ಅವನು ಒಂದು ಕಂಟೇನರನ್ನು ಹಡಗಿಗೆ ಇಳಿಸಿದನೋ ಇಲ್ಲವೋ, ಕಬ್ಬಿಣದ ಏಣಿ ಹಿಡಿದು ದಡಬಡನೆ ಇಳಿದು ಪಾಯಿಖಾನೆಯತ್ತ ಓಡತೊಡಗಿದ. ಅಲ್ಲಿ ಎಷ್ಟು ಹೊತ್ತು ನಿಂತರೂ ನಾಲ್ಕು ಹನಿ. ಕೆಳಗೆ ಕೊಕ್ಕೆ ಸಿಕ್ಕಿಸುವವರಿಗೆ ಒಳ್ಳೆ ಮೋಜು.

"ಏನಣ್ಣ, ಕೆಳಗೆ ಯಾರ್ನಾದ್ರೂ ನೋಡ್ಕೊಂಡು ಹೋಗೋಕೆ ಬರ್ತೀಯಾ?"

ಅವನೂ ನಕ್ಕು ಮತ್ತೆ ಏಣಿ ಹತ್ತುತ್ತಿದ್ದ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದ. ಹೆಂಡತಿ ಕೇಳಿದರೆ, "ವಯಸ್ಸಾಯ್ತಲ್ವೇನೇ" ಎಂದು ಬಾಯಿ ಮುಚ್ಚಿಸಿದ.

ಅವನ ಅಣ್ಣನೂ ಇದೇ ಮಾತು ಹೇಳುತ್ತಿದ್ದ. ಅಣ್ಣನ ಸೊಂಟನೋವಿಗೆ ಅತ್ತಿಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ್ದಳು. ಕೊನೆಗೆ ಆಸ್ಪತ್ರೆಗೆ ಹೋದಾಗ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹಬ್ಬಿತ್ತು. ಅಣ್ಣ ಉಳಿಯಲಿಲ್ಲ.

ಒಂದು ಭಾನುವಾರ ಊಟಕ್ಕೆ ಬಂದ ಅತ್ತಿಗೆ, ಮೈದುನ ತುತ್ತು ಬಿಟ್ಟು ಮತ್ತೆ ಮತ್ತೆ ಎದ್ದು ಹೋಗುವುದನ್ನು ಕಂಡಳು.

"ಎಷ್ಟು ದಿನದಿಂದ ಹೀಗೆ?"

"ಅಯ್ಯೋ ಅತ್ತಿಗೆ, ಇದೆಲ್ಲ ಹೆಂಗಸರ ಹತ್ರ ಹೇಳೋ ವಿಷ್ಯಾನಾ?"

"ನಿಮ್ಮಣ್ಣನೂ ಹೀಗೇ ನಾಚ್ಕೊಂಡ್ರು. ನಾಳೆ ಆಸ್ಪತ್ರೆಗೆ ಹೊರಡು. ಇಲ್ಲಾಂದ್ರೆ ನಿನ್ನ ಕ್ರೇನ್ ಹತ್ತಿ ಕೂತ್ಕೊಳ್ತೀನಿ, ನೋಡು!"

ಅವಳು ಹೇಳಿದ್ದನ್ನು ಮಾಡುವವಳೇ. ಅವನು ಹೊರಟ.

ಆಸ್ಪತ್ರೆಯ ಕಾರಿಡಾರಿನ ತುಂಬ ಗಂಡಸರು. ಹೆಚ್ಚಿನವರು ಮಕ್ಕಳ ಹೆಗಲು ಹಿಡಿದೋ ಗಾಲಿಕುರ್ಚಿಯಲ್ಲೋ ಬಂದವರು. ವೈದ್ಯೆ ಕೈಗವಸು ಹಾಕಿ ಪರೀಕ್ಷಿಸುವಾಗ ಅವನು ಗೋಡೆ ನೋಡುತ್ತ ಹಲ್ಲು ಕಚ್ಚಿಕೊಂಡ. ಅದಾದ ಮೇಲೆ ರಕ್ತ ಕೊಟ್ಟ, ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆಸಿಕೊಂಡ, ಮೂಳೆಗಳ ಸ್ಕ್ಯಾನಿಗೆ ಮಲಗಿದ. ಫಲಿತಾಂಶ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

"ಕ್ಯಾನ್ಸರ್ ಇದೆ," ಎಂದರು ವೈದ್ಯೆ.

ಹೆಂಡತಿ ಅವನ ತೋಳು ಗಟ್ಟಿಯಾಗಿ ಹಿಡಿದಳು.

"ಪೂರ್ತಿ ಕೇಳಿ. ಅದು ಗ್ರಂಥಿ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಮೂಳೆಗಳು ಚೆನ್ನಾಗಿವೆ. ಆಪರೇಷನ್ ಮಾಡಿ ತೆಗೀಬಹುದು. ಶ್ರೀಮಂತ ದೇಶಗಳಲ್ಲಿ ಎಷ್ಟೋ ಜನರಿಗೆ ರಕ್ತ ಪರೀಕ್ಷೆಯಲ್ಲೇ ಬೇಗ ಗೊತ್ತಾಗುತ್ತೆ. ನಮ್ಮಂಥ ದೇಶಗಳಲ್ಲಿ ಗಂಡಸರು ಮೂಳೆ ನೋವು ಬಂದ ಮೇಲೇ ಬರೋದು. ನೀವು ಬೇಗ ಬಂದ್ರಿ."

"ನಾನೆಲ್ಲಿ ಬಂದೆ ಡಾಕ್ಟ್ರೇ? ನಮ್ಮತ್ತಿಗೆ ಎಳ್ಕೊಂಡು ಬಂದ್ರು."

ಅತ್ತಿಗೆ ನಗಲು ಹೋಗಿ ಅತ್ತುಬಿಟ್ಟಳು. ಅಣ್ಣ ಹೋದ ಮೇಲೆ ಅವಳು ಅತ್ತದ್ದನ್ನು ಆ ಮನೆಯವರು ನೋಡಿದ್ದು ಅದೇ ಮೊದಲು.

ಆಪರೇಷನ್ ಸುಸೂತ್ರವಾಯಿತು. ಶುರುವಿನಲ್ಲಿ ಕೆಮ್ಮಿದರೂ ಬಟ್ಟೆ ಒದ್ದೆಯಾಗುತ್ತಿತ್ತು. ಅವನು ರೇಗುತ್ತಿದ್ದ, ಹೆಂಡತಿ ಅವನಿಗಿಂತ ಜೋರಾಗಿ ರೇಗುತ್ತಿದ್ದಳು. ಕ್ರಮೇಣ ಅದೂ ಹತೋಟಿಗೆ ಬಂತು. ಮುಂದಿನ ರಕ್ತ ಪರೀಕ್ಷೆ ನೋಡಿ ವೈದ್ಯೆ, "ನಿಶ್ಚಿಂತೆಯಿಂದಿರಿ, ತಪಾಸಣೆ ಮಾತ್ರ ತಪ್ಪಿಸಬೇಡಿ," ಎಂದರು. ಕುಟುಂಬದ ಬೇರೆ ಗಂಡಸರೂ ವಯಸ್ಸು ನಲವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕೆಂದೂ ಹೇಳಿದರು.

ಕಾರಿಡಾರಿಗೆ ಬಂದವನೇ ಅವನು ಅಣ್ಣನ ಮಗನಿಗೆ ಫೋನ್ ಮಾಡಿ ಪರೀಕ್ಷೆಯ ಮಾತೆತ್ತಿದ.

"ಚಿಕ್ಕಪ್ಪ, ನನಗಿನ್ನೂ ಮೂವತ್ತೂ ಆಗಿಲ್ಲ!"

"ಗೊತ್ತು ಕಣೋ. ನಲವತ್ತು ದಾಟಿದ ಮೇಲೆ ಬರೋಣ. ಆಗ ನಾಚ್ಕೊಂಡು ಕೂತ್ಕೊಂಡ್ರೆ ನಿಮ್ಮಮ್ಮನ್ನ ಕಳಿಸ್ತೀನಿ, ಅಷ್ಟೆ!"

ಪಕ್ಕದಲ್ಲಿ ಅತ್ತಿಗೆ ಗಟ್ಟಿಯಾಗಿ ನಕ್ಕಳು. ಗಾಲಿಕುರ್ಚಿಯಲ್ಲಿದ್ದ ಮುದುಕನೊಬ್ಬ ತಿರುಗಿ ನೋಡಿ, ವಿಷಯ ತಿಳಿಯದಿದ್ದರೂ ತಾನೂ ನಕ್ಕ.